ಹಾಡುಗಾರರ ವೃತ್ತಿಚರಿತ್ರೆ: ಬೀದರ ಸೀಮೆಯ ಹಾಡಿಕೆಯನ್ನು ಕುರಿತು ಕೆಲವು ಪ್ರಶ್ನೆಗಳು

1

ಕನ್ನಡ ಜಾನಪದ ಅಧ್ಯಯನವು ಹಾಡನ್ನು ಸಂಗ್ರಹಿಸುವ ಕೆಲಸವನ್ನು ನಿಷ್ಠೆಯಿಂದ ಮಾಡಿದೆ. ಹಲಸಂಗಿ ಗೆಳೆಯರ ‘ಗರತಿಯ ಹಾಡು’ 1931ರಲ್ಲಿ ಪ್ರಕಟವಾದಂದಿನಿಂದ ಇಂದಿನವರೆಗೆ ಜಿಲ್ಲಾವಾರು, ತಾಲ್ಲೂಕುವಾರು, ಪ್ರಕಾರವಾರು ಸಂಕಲನಗಳು ಹೊರಬಂದಿವೆ. ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳಲ್ಲಿ ಎಂ.ಫಿಲ್. ಮತ್ತು ಪಿಎಚ್.ಡಿ. ಪದವಿಗಳಿಗಾಗಿ ಸಿದ್ಧವಾದ ಪ್ರಬಂಧಗಳ ಅನುಬಂಧಗಳಲ್ಲಿಯೂ ಅಪಾರವಾದ ಸಾಮಗ್ರಿ ಅಡಗಿದೆ. ಆದರೆ ಈ ಸಂಗ್ರಹಗಳಲ್ಲಿ ಹಾಡಿಗೆ ದೊರೆತ ಸ್ಥಾನ ಹಾಡಿದವರಿಗೆ ದೊರೆತಿಲ್ಲ. ಗ್ರಂಥದ ಕೊನೆಯ ಪುಟದಲ್ಲಿ ‘ವಕ್ತೃಗಳ ಪಟ್ಟಿ’ ಎಂಬ ತಲೆಬರಹದಡಿ ಹೆಸರು, ವಯಸ್ಸು, ಜಾತಿ, ಊರು ಎಂಬ ನಾಲ್ಕು ಕಲಮುಗಳಲ್ಲಿ ಒಂದು ಇಡೀ ಬದುಕು ಮುಗಿದುಹೋಗುತ್ತದೆ. ಎಷ್ಟೋ ಸಂಗ್ರಹಗಳಲ್ಲಿ ಆ ಪಟ್ಟಿಯೂ ಇರುವುದಿಲ್ಲ.

ಪ್ರಶ್ನೆ ಇರುವುದು ಇಲ್ಲಿಯೇ. ಒಬ್ಬ ಹಾಡುಗಾರ ಅಥವಾ ಹಾಡುಗಾರ್ತಿ ಯಾರಿಂದ ಕಲಿತರು, ಯಾವ ವಾದ್ಯ ಹಿಡಿದರು, ಯಾರ ಜೊತೆಗೂಡಿ ಹಾಡಿದರು, ಎಷ್ಟು ಭಾಷೆಗಳಲ್ಲಿ ಹಾಡಿದರು, ಯಾವ ಊರಿನವರು ಅವರನ್ನು ಕರೆಸಿಕೊಂಡರು, ಹಾಡಿಕೆಯಿಂದ ಅವರ ಹೊಟ್ಟೆ ತುಂಬಿತೆ, ತುಂಬದಿದ್ದಾಗ ಏನು ಮಾಡಿದರು, ಯಾವಾಗ ಹಾಡುವುದನ್ನು ನಿಲ್ಲಿಸಿದರು ಎಂಬಿವೆಲ್ಲ ಸೇರಿದರೆ ಅದು ಒಂದು ವೃತ್ತಿಚರಿತ್ರೆ. ಶಾಸ್ತ್ರೀಯ ಸಂಗೀತಗಾರರಿಗೆ, ರಂಗನಟರಿಗೆ, ಸಾಹಿತಿಗಳಿಗೆ ಇಂತಹ ಚರಿತ್ರೆ ಇದೆ. ಜನಪದ ಗಾಯಕರಿಗೆ ಅದು ಅಪವಾದವಾಗಿ ಮಾತ್ರ ದೊರೆತಿದೆ. ಈ ಕೊರತೆಯನ್ನು ಕೇವಲ ಗೌರವದ ಅಥವಾ ಸೌಜನ್ಯದ ಪ್ರಶ್ನೆಯೆಂದು ತಿಳಿಯಲಾಗದು. ಹಾಡಿದವರ ಬದುಕು ತಿಳಿಯದಿದ್ದರೆ ಹಾಡಿನ ಪಠ್ಯವೂ ತಪ್ಪಾಗಿ ಓದಲ್ಪಡುತ್ತದೆ ಎಂಬುದು ಪ್ರಸ್ತುತ ಲೇಖನದ ನಿಲುವು. ಬೀದರ ನಗರ, ಭಾಲ್ಕಿ ಮತ್ತು ಔರಾದಗಳನ್ನೊಳಗೊಂಡ ಗಡಿ ಸೀಮೆಯಲ್ಲಿ ಈ ಅಪಾಯ ಉಳಿದೆಡೆಗಿಂತ ಹೆಚ್ಚು.

2

ಹೋಲಿಕೆಗಾಗಿ ದೂರದ ಒಂದು ನಿದರ್ಶನವನ್ನು ನೋಡಬಹುದು. ಅಮೆರಿಕದ ಅಪಲೇಚಿಯನ್ ಬೆಟ್ಟಸೀಮೆಯ ಹಳ್ಳಿಗಾಡಿನ ಸಂಗೀತದಿಂದ ಹುಟ್ಟಿಕೊಂಡ ‘ಬ್ಲೂಗ್ರಾಸ್’ ಎಂಬ ಪ್ರಕಾರವು ಇಪ್ಪತ್ತನೆಯ ಶತಮಾನದ ನಡುಗಾಲದಲ್ಲಿ ರೂಪುಗೊಂಡಿತು. ಕೆಂಟಕಿ ರಾಜ್ಯದ ಬಿಲ್ ಮನ್ರೋ (1911–1996) ಕಟ್ಟಿದ ಮೇಳದ ಹೆಸರೇ ಮುಂದೆ ಆ ಪ್ರಕಾರದ ಹೆಸರಾಯಿತು. ಫಿಡಲ್, ಬ್ಯಾಂಜೊ, ಮ್ಯಾಂಡೊಲಿನ್, ಗಿಟಾರ್‌ಗಳಂತಹ ತಂತಿವಾದ್ಯಗಳು ಮತ್ತು ಎತ್ತರದ ಸ್ಥಾಯಿಯ ಹಾಡಿಕೆ ಇದರ ಲಕ್ಷಣಗಳು. ಫಿಡಲ್ ಎಂದರೆ ಬೇರೆ ವಾದ್ಯವಲ್ಲ. ಪಿಟೀಲನ್ನೇ ಹಳ್ಳಿಯ ಕುಣಿತಕ್ಕೂ ಹಾಡಿಗೂ ಹೊಂದುವಂತೆ ನುಡಿಸುವ ರೀತಿಗೆ ಅಲ್ಲಿನವರು ಇಟ್ಟುಕೊಂಡ ಹೆಸರು.

ಈ ಪ್ರಕಾರದ ಫಿಡಲ್ ವಾದಕಿ ಮತ್ತು ಗಾಯಕಿ ಆಲಿಸನ್ ಕ್ರಾಸ್ ಅವರ ವೃತ್ತಿಜೀವನವನ್ನು ಯಾರು ಬೇಕಾದರೂ ವರ್ಷವಾರು ಬರೆದಿಡಬಹುದು. ಅವರು ಹುಟ್ಟಿದ್ದು 1971ರಲ್ಲಿ, ಇಲಿನಾಯ್ ರಾಜ್ಯದಲ್ಲಿ. ಐದನೆಯ ವಯಸ್ಸಿನಲ್ಲಿ ಶಾಸ್ತ್ರೀಯ ಪಿಟೀಲಿನ ಪಾಠ ಆರಂಭಿಸಿ, ಬಾಲ್ಯದಲ್ಲಿಯೇ ಫಿಡಲ್ ಸ್ಪರ್ಧೆಗಳಲ್ಲಿ ಗೆದ್ದು, ಹದಿಹರೆಯದಲ್ಲಿಯೇ ರೌಂಡರ್ ಎಂಬ ಧ್ವನಿಮುದ್ರಣ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡರು. ಅವರ ಮೊದಲ ಸ್ವತಂತ್ರ ಧ್ವನಿಸುರುಳಿ 1987ರಲ್ಲಿ ಹೊರಬಂದಿತು. ‘ಗ್ರ್ಯಾಂಡ್ ಓಲ್ ಆಪ್ರಿ’ ಎಂಬ ಪ್ರಸಿದ್ಧ ಬಾನುಲಿ ರಂಗಕಾರ್ಯಕ್ರಮದ ಸದಸ್ಯತ್ವ 1993ರಲ್ಲಿ ದೊರೆಯಿತು. ರಾಕ್ ಗಾಯಕ ರಾಬರ್ಟ್ ಪ್ಲಾಂಟ್ ಜೊತೆಗೂಡಿ 2007ರಲ್ಲಿ ಹೊರತಂದ ಸಂಕಲನಕ್ಕೆ 2009ರಲ್ಲಿ ವರ್ಷದ ಶ್ರೇಷ್ಠ ಸಂಕಲನವೆಂಬ ಗ್ರ್ಯಾಮಿ ಪ್ರಶಸ್ತಿ ಬಂದಿತು. ಒಟ್ಟು 27 ಗ್ರ್ಯಾಮಿಗಳನ್ನು ಪಡೆದ ಅವರು, 2021ರಲ್ಲಿ ಬಿಯಾನ್ಸೆ ಮುಂದೆ ಹೋಗುವವರೆಗೆ ಆ ಪ್ರಶಸ್ತಿಯನ್ನು ಅತಿ ಹೆಚ್ಚು ಬಾರಿ ಪಡೆದ ಗಾಯಕಿಯಾಗಿದ್ದರು. ತಮ್ಮ ಮೇಳವಾದ ಯೂನಿಯನ್ ಸ್ಟೇಷನ್ ಜೊತೆ 2011ರ ನಂತರ ಮತ್ತೆ 2025ರಲ್ಲಿ ಹೊಸ ಸಂಕಲನವನ್ನು ಹೊರತಂದರು.

ಈ ವಿವರಗಳು ಇಲ್ಲಿ ಬಂದದ್ದು ಆ ಕಲಾವಿದೆಯ ಹೊಗಳಿಕೆಗಾಗಿ ಅಲ್ಲ. ಅವು ಇಷ್ಟು ಸುಲಭವಾಗಿ ದೊರೆಯುತ್ತವೆ ಎಂಬುದೇ ಗಮನಿಸಬೇಕಾದ ಸಂಗತಿ. ಸ್ಪರ್ಧೆಗಳ ದಾಖಲೆ, ಮುದ್ರಣ ಸಂಸ್ಥೆಗಳ ಕಡತ, ಬಾನುಲಿಯ ಪಟ್ಟಿ, ಪ್ರಶಸ್ತಿಗಳ ವಿವರ ಇವೆಲ್ಲವೂ ಅಲ್ಲಿ ತಾವಾಗಿಯೇ ವೃತ್ತಿಚರಿತ್ರೆಯನ್ನು ಬರೆಯುತ್ತವೆ. ಇದರೊಂದಿಗೆ ವಿದ್ವತ್ತಿನ ಬೆಂಬಲವೂ ಸೇರಿಕೊಂಡಿತು. ಪೂರ್ವ ಟೆನೆಸಿ ರಾಜ್ಯ ವಿಶ್ವವಿದ್ಯಾಲಯವು 1982ರಲ್ಲಿ ಬ್ಲೂಗ್ರಾಸ್ ಕಲಿಕೆಯನ್ನು ಆರಂಭಿಸಿತು; ನೀಲ್ ರೋಸೆನ್‌ಬರ್ಗ್ ಎಂಬ ಜಾನಪದ ವಿದ್ವಾಂಸರು ಈ ಪ್ರಕಾರದ ಸಮಗ್ರ ಇತಿಹಾಸವನ್ನು 1985ರಲ್ಲಿ ಪ್ರಕಟಿಸಿದರು. ಮಾರುಕಟ್ಟೆ ಇಲ್ಲದ ಕಡೆ ಇಂತಹ ದಾಖಲೆ ಸಾಧ್ಯವಿಲ್ಲವೆಂಬ ಆಕ್ಷೇಪಣೆ ಇಲ್ಲಿ ಸಹಜವಾಗಿಯೇ ಏಳುತ್ತದೆ. ಅದಕ್ಕೆ ಅದೇ ಪರಂಪರೆಯ ಇನ್ನೂ ಹಿಂದಿನ ಹಂತದಲ್ಲಿಯೇ ಉತ್ತರವಿದೆ.

ಮನ್ರೋ ಬಾಲ್ಯದಲ್ಲಿ ತಂದೆತಾಯಿಗಳನ್ನು ಕಳೆದುಕೊಂಡು, ಸೋದರಮಾವ ಪೆಂಡಲ್ಟನ್ ವ್ಯಾಂಡಿವರ್ ಅವರ ಮನೆಯಲ್ಲಿ ಬೆಳೆದರು. ಆ ಮಾವ ಹಳ್ಳಿಯ ಕುಣಿತಗಳಿಗೆ ಫಿಡಲ್ ನುಡಿಸುತ್ತಿದ್ದರು. ಅದೇ ಸೀಮೆಯಲ್ಲಿ ಆರ್ನಲ್ಡ್ ಶುಲ್ಟ್ಜ್ ಎಂಬ ಕಪ್ಪು ಜನಾಂಗದ ಗಿಟಾರ್ ಮತ್ತು ಫಿಡಲ್ ವಾದಕರಿದ್ದರು. ಮನ್ರೋ ಬಾಲಕನಾಗಿದ್ದಾಗ ಅವರೊಡನೆಯೂ ಕುಣಿತಗಳಿಗೆ ನುಡಿಸಿದ್ದುಂಟು. 1931ರಲ್ಲಿ ತೀರಿಕೊಂಡ ಶುಲ್ಟ್ಜ್ ಅವರದಾಗಲಿ, 1932ರಲ್ಲಿ ತೀರಿಕೊಂಡ ಮಾವನದಾಗಲಿ ಒಂದೇ ಒಂದು ಧ್ವನಿಮುದ್ರಣವೂ ಇಲ್ಲ. ಆದರೂ ಅವರಿಬ್ಬರೂ ಇಂದು ಬ್ಲೂಗ್ರಾಸ್ ಇತಿಹಾಸದ ಮೊದಲ ಅಧ್ಯಾಯದಲ್ಲಿದ್ದಾರೆ. ಶಿಷ್ಯನು ಅವರ ಹೆಸರನ್ನು ಮತ್ತೆ ಮತ್ತೆ ಹೇಳಿದ್ದು, ಸಂಶೋಧಕರು ಆ ಹೆಸರಿನ ಬೆನ್ನುಹತ್ತಿ ಊರವರ ನೆನಪುಗಳನ್ನು ಕಲೆಹಾಕಿದ್ದು ಇದಕ್ಕೆ ಕಾರಣ. ಮಾವನ ಮೇಲೆ ಮನ್ರೋ ಕಟ್ಟಿದ ಹಾಡು 1950ರಲ್ಲಿ ಮುದ್ರಣವಾಯಿತು. ಆ ನೆನಪಿನಲ್ಲಿಯೇ ಹೊರತಂದ ಫಿಡಲ್ ಮಟ್ಟುಗಳ ಇಡೀ ಸಂಕಲನ 1972ರಲ್ಲಿ ಬಂದಿತು. ಅದರಲ್ಲಿ ಫಿಡಲ್ ನುಡಿಸಿದ ಕೆನ್ನಿ ಬೇಕರ್ ತಮ್ಮ ಬದುಕಿನ ಹಲವು ವರ್ಷಗಳನ್ನು ಕಲ್ಲಿದ್ದಲ ಗಣಿಯ ದುಡಿಮೆಯಲ್ಲಿ ಕಳೆದವರೆಂಬುದೂ ದಾಖಲಾಗಿದೆ.

ಇದಕ್ಕೂ ಹಿಂದೆ, 1916ರಿಂದ 1918ರ ನಡುವೆ, ಇಂಗ್ಲೆಂಡಿನ ಸೆಸಿಲ್ ಶಾರ್ಪ್ ಅದೇ ಬೆಟ್ಟಸೀಮೆಯಲ್ಲಿ ಲಾವಣಿಗಳನ್ನು ಸಂಗ್ರಹಿಸಿದರು. ಪ್ರತಿಯೊಂದು ಹಾಡಿನ ಜೊತೆಗೆ ಹಾಡಿದವರ ಹೆಸರು, ಸ್ಥಳ, ದಿನಾಂಕಗಳನ್ನು ಅವರು ಬರೆದಿಟ್ಟರು. ಹಾಗೆ ಬರೆದಿಟ್ಟದ್ದರಿಂದಲೇ, ಶಾರ್ಪ್ ಅವರಿಗೆ ಅನೇಕ ಹಾಡುಗಳನ್ನು ಒದಗಿಸಿದ ಜೇನ್ ಜೆಂಟ್ರಿ ಎಂಬ ಗೃಹಿಣಿಯ ಜೀವನಚರಿತ್ರೆ ಎಂಟು ದಶಕಗಳ ನಂತರ ಒಂದು ಸ್ವತಂತ್ರ ಗ್ರಂಥವಾಗಿ ಬರಲು ಸಾಧ್ಯವಾಯಿತು. ಇದೇ ಶಾರ್ಪ್ ಅವರ ಮಿತಿಯನ್ನೂ ಹೇಳಬೇಕು. ಅವರು ಹುಡುಕುತ್ತಿದ್ದುದು ಇಂಗ್ಲೆಂಡಿನ ಹಳೆಯ ಲಾವಣಿಗಳನ್ನು. ಹೀಗಾಗಿ ಅದೇ ಊರುಗಳ ಕಪ್ಪು ಜನರ ಹಾಡಿಕೆಗೆ, ಭಜನೆಯ ಹಾಡುಗಳಿಗೆ, ಫಿಡಲ್ ಮಟ್ಟುಗಳಿಗೆ ಅವರ ಗಮನ ಹೆಚ್ಚಾಗಿ ಹರಿಯಲಿಲ್ಲ. ಸಂಗ್ರಾಹಕನು ಏನನ್ನು ಹುಡುಕಿಕೊಂಡು ಹೋಗುತ್ತಾನೋ ಅದೇ ಅವನಿಗೆ ಸಿಗುತ್ತದೆ ಎಂಬ ಈ ಪಾಠ ಬೀದರ ಸೀಮೆಗೆ ನೇರವಾಗಿ ಅನ್ವಯಿಸುತ್ತದೆ.

3

ಕರ್ನಾಟಕದಲ್ಲಿಯೂ ವೃತ್ತಿಚರಿತ್ರೆಯ ಕಡೆಗೆ ಹೊರಳಿದ ಪ್ರಯತ್ನಗಳಿವೆ. ಬಳ್ಳಾರಿ ಸೀಮೆಯ ಬುರ್ರಕಥಾ ಗಾಯಕಿ ದರೋಜಿ ಈರಮ್ಮ (1930–2014) ಅಲೆಮಾರಿ ಬುಡ್ಗ ಜಂಗಮ ಸಮುದಾಯದವರು. ಅಕ್ಷರ ಕಲಿಯದ ಅವರ ನೆನಪಿನಲ್ಲಿ ಹನ್ನೆರಡು ಮಹಾಕಾವ್ಯಗಳಿದ್ದವು. ಮುದ್ರಣದಲ್ಲಿ ಅವು ಸುಮಾರು 7000 ಪುಟಗಳಾಗುತ್ತವೆಂದು ಗಣಿಸಲಾಗಿದೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಅವರಿಗೆ ನಾಡೋಜ ಗೌರವವನ್ನು ನೀಡಿತು. ಒಬ್ಬ ಗಾಯಕಿಯನ್ನು ಕೇವಲ ವಕ್ತೃವೆಂದು ಬಗೆಯದೆ ಕವಿಯೆಂದು ಗುರುತಿಸಿದ ಈ ನಡೆ ಮಹತ್ವದ್ದು.

ಗದಗಿನ ಪುಟ್ಟರಾಜ ಗವಾಯಿಗಳದು (1914–2010) ಇನ್ನೊಂದು ಬಗೆಯ ನಿದರ್ಶನ. ಎಳವೆಯಲ್ಲಿಯೇ ದೃಷ್ಟಿ ಕಳೆದುಕೊಂಡು, ಪಂಚಾಕ್ಷರ ಗವಾಯಿಗಳ (1892–1944) ಬಳಿ ಕಲಿತು, ಹಾಡಿಕೆಯ ಜೊತೆಗೆ ಪಿಟೀಲು, ಹಾರ್ಮೋನಿಯಂ, ತಬಲಾ ಮುಂತಾದ ವಾದ್ಯಗಳಲ್ಲಿ ಪರಿಣತಿ ಪಡೆದು, ಗುರುವಿನ ನಂತರ ವೀರೇಶ್ವರ ಪುಣ್ಯಾಶ್ರಮವನ್ನು ಮುನ್ನಡೆಸಿದ ಅವರ ಬದುಕು ಚೆನ್ನಾಗಿ ದಾಖಲಾಗಿದೆ. 2010ರಲ್ಲಿ ಪದ್ಮಭೂಷಣವೂ ಅವರಿಗೆ ಸಂದಿತು. ಆದರೆ ಈ ದಾಖಲಾತಿಗೆ ಕಾರಣ ಒಂದು ಸಂಸ್ಥೆಯ ಅಸ್ತಿತ್ವ ಮತ್ತು ಶಿಷ್ಯಪರಂಪರೆಯ ಭಕ್ತಿ. ಸಂಸ್ಥೆಯಿಲ್ಲದ, ಮಠವಿಲ್ಲದ, ಶಿಷ್ಯರ ಪಟ್ಟಿಯಿಲ್ಲದ ಗಾಯಕನಿಗೆ ಈ ಭಾಗ್ಯವಿಲ್ಲ. ಬಾಗಲಕೋಟೆಯ ಗೋಂಧಳಿ ಗಾಯಕ ವೆಂಕಪ್ಪ ಅಂಬಾಜಿ ಸುಗತೇಕರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ, ಸಾವಿರಕ್ಕೂ ಹೆಚ್ಚು ಗೋಂಧಳಿ ಹಾಡುಗಳನ್ನು ಹಾಡಿದ, ಶುಲ್ಕವಿಲ್ಲದೆ ನೂರಾರು ಮಂದಿಗೆ ಕಲಿಸಿದ ಅವರ ಸಾಧನೆ ನಾಡಿಗೆ ಹೆಚ್ಚಾಗಿ ಪರಿಚಯವಾಯಿತು. ಪ್ರಶಸ್ತಿ ಬಂದ ಮೇಲೆ ವಿದ್ವತ್ತು ಗಮನಿಸುವುದು ಸರಿಯಾದ ಕ್ರಮವಲ್ಲ. ಪ್ರಶಸ್ತಿಯ ಬಿನ್ನವತ್ತಳೆ ವೃತ್ತಿಚರಿತ್ರೆಯೂ ಅಲ್ಲ. ಅದರಲ್ಲಿ ಗೆಲುವುಗಳಷ್ಟೇ ಇರುತ್ತವೆ. ಬರಗಾಲದ ವರ್ಷ ತುಂತುಣಿಯನ್ನು ಗೂಟಕ್ಕೆ ತೂಗುಹಾಕಿ ಕೂಲಿಗೆ ಹೋದ ಗಾಯಕನ ಕಥೆಗೆ ಅಲ್ಲಿ ಜಾಗವಿಲ್ಲ.

4

ಬೀದರ ಸೀಮೆಯ ವಿಶೇಷವೆಂದರೆ ಇಲ್ಲಿ ಹಾಡಿಕೆಯು ಒಂದು ಭಾಷೆಯೊಳಗೆ ನಿಲ್ಲುವುದಿಲ್ಲ. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಬೀದರ ಜಿಲ್ಲೆ 1956ರ ನವೆಂಬರ್ 1ರಂದು ಮೂರು ಪಾಲಾಯಿತು. ಬೀದರ, ಭಾಲ್ಕಿ, ಔರಾದ, ಹುಮನಾಬಾದಗಳು ಮೈಸೂರು ರಾಜ್ಯಕ್ಕೆ ಬಂದವು. ಉದಗೀರ, ನಿಲಂಗಾ, ಅಹಮದಪುರಗಳು ಮುಂಬಯಿ ರಾಜ್ಯಕ್ಕೂ, ಜಹೀರಾಬಾದ, ನಾರಾಯಣಖೇಡಗಳು ಆಂಧ್ರಪ್ರದೇಶಕ್ಕೂ ಹೋದವು. ಆಡಳಿತ ಹಂಚಿಹೋಯಿತಾದರೂ ಜಾತ್ರೆ, ಸಂತೆ, ಬೀಗತನಗಳು ಹಂಚಿಹೋಗಲಿಲ್ಲ. ಔರಾದಿನ ಅಮರೇಶ್ವರನ ಜಾತ್ರೆಗೆ ಬರುವವರ ಮನೆಮಾತು ಒಂದೇ ಅಲ್ಲ. ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಅಹಮದ್ ಶಾಹ ವಲಿಯ ಗೋರಿಯನ್ನು ಮುಸಲ್ಮಾನರು ವಲಿಯ ಸ್ಥಾನವೆಂದೂ, ಹಿಂದೂಗಳು ಅಲ್ಲಮಪ್ರಭುವಿನ ಸ್ಥಾನವೆಂದೂ ನಂಬಿ ನಡೆದುಕೊಳ್ಳುತ್ತಾರೆ. ಅಲ್ಲಿನ ಉರುಸು-ಜಾತ್ರೆಗೆ ಆಳಂದ ತಾಲ್ಲೂಕಿನ ಮಾಡಿಯಾಳದಿಂದ ಜಂಗಮರು ಬರುತ್ತಾರೆ. ಬೀದರ ನಗರದ ನಾನಕ ಝೀರಾದಲ್ಲಿ ಗುರುವಾಣಿಯ ಕೀರ್ತನೆ ನಡೆಯುತ್ತದೆ. ಹುಮನಾಬಾದಿನ ಬಳಿಯ ಮಾಣಿಕನಗರದ ಮಾಣಿಕಪ್ರಭುಗಳು (1817–1865) ಕನ್ನಡ, ಮರಾಠಿ, ಹಿಂದಿ ಮೊದಲಾದ ಹಲವು ಭಾಷೆಗಳಲ್ಲಿ ಪದಗಳನ್ನು ರಚಿಸಿದರು.

ಇಂತಹ ನೆಲದಲ್ಲಿ ಬೆಳೆದ ಭಜನೆಯ ಮೇಳವೊಂದು ರಾತ್ರಿಯ ಮೊದಲ ಜಾವದಲ್ಲಿ ಕನ್ನಡದ ತತ್ವಪದವನ್ನು, ಆಮೇಲೆ ಮರಾಠಿ ಅಭಂಗವನ್ನು, ನಡುವೆ ದಖನಿಯ ಒಂದು ಪದವನ್ನು ಹಾಡುವುದು ಸೋಜಿಗವಲ್ಲ. ಸತ್ತವರ ಮನೆಯಲ್ಲಿ ಬೆಳಗಾಗುವವರೆಗೆ ಏಕತಾರಿ, ದಮ್ಮಡಿ, ತಾಳಗಳೊಡನೆ ಕೂಡುವ ಭಜನೆಯಾಗಲಿ, ಮೊಹರಂ ಅಲಾವಿಯ ಮುಂದಿನ ಪದಗಳಾಗಲಿ, ಗೋಂಧಳಿಗರ ಸಂಬಾಳ–ತುಂತುಣಿಗಳ ಹಾಡಿಕೆಯಾಗಲಿ, ಹೆಣ್ಣುಮಕ್ಕಳ ಬುಲಾಯಿ ಪದಗಳಾಗಲಿ, ತಾಂಡಾಗಳ ಲಂಬಾಣಿ ಹಾಡುಗಳಾಗಲಿ ಒಂದರ ಮಗ್ಗುಲಲ್ಲಿ ಒಂದು ಬದುಕಿವೆ. ಆದರೆ ಈ ಹಾಡಿಕೆಯನ್ನು ದಾಖಲಿಸಲು ಬರುವ ವಿದ್ವತ್ತು ಭಾಷಾವಾರು ವಿಭಾಗಗಳಲ್ಲಿ ಹಂಚಿಹೋಗಿದೆ. ಕನ್ನಡ ವಿಭಾಗದ ಸಂಶೋಧಕನು ಅದೇ ಗಾಯಕನ ಕನ್ನಡ ಪದಗಳನ್ನಷ್ಟೇ ಬರೆದುಕೊಳ್ಳುತ್ತಾನೆ. ಮರಾಠಿಯ ಸಂಶೋಧಕನಿಗೆ ಈ ಊರು ಗಡಿಯಾಚೆಯದು. ಉರ್ದುವಿನ ವಿದ್ವಾಂಸನಿಗೆ ಈ ದಖನಿ ಶುದ್ಧವಲ್ಲ. ಫಲವಾಗಿ, ಒಂದೇ ಕೊರಳಿನಿಂದ ಬಂದ ಹಾಡುಗಳು ಮೂರು ಪಾಲಾಗಿ, 1956ರಲ್ಲಿ ಜಿಲ್ಲೆಗೆ ಆದದ್ದೇ ಗಾಯಕನಿಗೂ ಆಗುತ್ತದೆ.

ಪಠ್ಯ ತಪ್ಪಾಗಿ ಓದಲ್ಪಡುತ್ತದೆ ಎಂದು ಮೊದಲು ಹೇಳಿದ್ದರ ಅರ್ಥ ಇದು. ತತ್ವಪದವೊಂದರಲ್ಲಿ ಬರುವ ಮರಾಠಿ ಅಥವಾ ದಖನಿ ಮಾತನ್ನು ‘ಗಡಿಭಾಗದ ಭಾಷಾ ಮಿಶ್ರಣ’ ಎಂದು ಟಿಪ್ಪಣಿ ಹಾಕಿ ಬಿಡುವುದು ರೂಢಿ. ಆ ಗಾಯಕನು ಇಡೀ ಅಭಂಗಗಳನ್ನು ಬಾಯಿಪಾಠವಾಗಿ ಬಲ್ಲವನೆಂದು ತಿಳಿದರೆ, ಆ ಮಾತು ಪೆದ್ದುತನದ ಬೆರಕೆಯಾಗದೆ ಗೊತ್ತಿದ್ದೇ ಮಾಡಿದ ಆಯ್ಕೆಯಾಗಿ ಕಾಣಬಹುದು. ಹಾಡಿನ ಪಾಠಾಂತರಗಳ ವಿಷಯವೂ ಹೀಗೆಯೇ. ಭಾಲ್ಕಿ ಸೀಮೆಯ ಪಾಠಕ್ಕೂ ಔರಾದ ಸೀಮೆಯ ಪಾಠಕ್ಕೂ ಇರುವ ವ್ಯತ್ಯಾಸವನ್ನು ‘ಪ್ರಾದೇಶಿಕ ಭೇದ’ವೆಂದು ಕರೆಯುವ ಮೊದಲು, ಆ ಎರಡೂ ಪಾಠಗಳನ್ನು ಹಾಡಿದವರು ಒಬ್ಬನೇ ಗುರುವಿನ ಇಬ್ಬರು ಶಿಷ್ಯರೇ, ಅಥವಾ ಒಬ್ಬರು ಮದುವೆಯಾಗಿ ಬಂದ ಊರಿನಿಂದ ಹಾಡನ್ನು ತಂದವರೇ ಎಂದು ವಿಚಾರಿಸಬೇಕು. ಹೆಣ್ಣುಮಕ್ಕಳ ಹಾಡಿನ ಮಟ್ಟಿಗಂತೂ ತವರು ಮತ್ತು ಗಂಡನ ಮನೆಗಳ ನಡುವಣ ದಾರಿಯೇ ಹಾಡಿನ ಭೂಪಟ. ಆ ದಾರಿ ಗೊತ್ತಿಲ್ಲದೆ ತಾಲ್ಲೂಕುವಾರು ಸಂಕಲನ ಮಾಡುವುದು ಅರ್ಧ ಕೆಲಸ.

ಭಾಲ್ಕಿಯ ಹಿರೇಮಠ ಸಂಸ್ಥಾನದ ಚನ್ನಬಸವ ಪಟ್ಟದ್ದೇವರು (1890–1999) ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಫಲಕವನ್ನು ತೂಗುಹಾಕಿ ಒಳಗೆ ಕನ್ನಡ ಕಲಿಸಿದರೆಂಬ ಸಂಗತಿ ಸರ್ವವಿದಿತ. ಹಿಂದೆ ಔರಾದ ತಾಲ್ಲೂಕಿನಲ್ಲಿದ್ದು ಈಗ ಸ್ವತಂತ್ರ ತಾಲ್ಲೂಕಾಗಿರುವ ಕಮಲನಗರವೂ, ಭಾಲ್ಕಿಯೂ ಈ ಕಾರ್ಯದ ಕ್ಷೇತ್ರಗಳಾಗಿದ್ದವು. ಈ ಇತಿಹಾಸವನ್ನು ಶಾಲೆಯ ಇತಿಹಾಸವಾಗಿ ಹೇಳಲಾಗುತ್ತದೆ. ಶಾಲೆಯ ಹೊರಗೆ, ಫಲಕದ ಹಂಗಿಲ್ಲದೆ, ಕನ್ನಡವನ್ನು ಕಿವಿಯಿಂದ ಕಿವಿಗೆ ದಾಟಿಸಿದವರು ಭಜನೆಯ ಮೇಳಗಳವರು, ಬೀಸುವ ಕಲ್ಲಿನ ಮುಂದಿನ ಹೆಂಗಸರು. ಕನ್ನಡ ಶಿಕ್ಷಣ ವಿರಳವಾಗಿದ್ದ ಆ ದಶಕಗಳಲ್ಲಿ ಭಾಷೆ ಉಳಿದ ಬಗೆಯನ್ನು ಬರೆಯಬೇಕಾದರೆ ಅವರ ವೃತ್ತಿಚರಿತ್ರೆಯೂ ಬೇಕು. 1948ರ ಮೊದಲಿನ ಹಾಡಿಕೆಯನ್ನು ಕಣ್ಣಾರೆ ಕಂಡವರು ಈಗ ಎಂಬತ್ತು ದಾಟಿದವರು. ಈ ಕೆಲಸಕ್ಕೆ ಉಳಿದಿರುವ ಕಾಲ ಬಹಳ ಕಡಿಮೆ.

ಇದೇ ಬೀದರವನ್ನು 1619ರಲ್ಲಿ ಗೆದ್ದುಕೊಂಡ ಬಿಜಾಪುರದ ಎರಡನೆಯ ಇಬ್ರಾಹಿಂ ಆದಿಲಶಾಹನು ಸ್ವತಃ ಹಾಡುಗಾರನೂ ವಾದಕನೂ ಆಗಿದ್ದ. ದಖನಿಯಲ್ಲಿ ಅವನು ರಚಿಸಿದ ‘ಕಿತಾಬ್-ಎ-ನೌರಸ್’ ಗೀತಸಂಗ್ರಹದಿಂದ ಅವನ ತಂಬೂರಿಗೆ ‘ಮೋತಿಖಾನ್’ ಎಂಬ ಹೆಸರಿತ್ತೆಂಬುದೂ ತಿಳಿಯುತ್ತದೆ. ಅರಸನ ತಂಬೂರಿಯ ಹೆಸರು ನಾಲ್ಕು ಶತಮಾನ ಉಳಿದಿದೆ. ಮೂರು ದಶಕಗಳ ಹಿಂದೆ ಊರಿನ ಭಜನೆಯಲ್ಲಿ ಏಕತಾರಿ ಹಿಡಿದಿದ್ದವನ ಹೆಸರು ಆ ಊರಿನ ಹಾಡುಗಳ ಪುಸ್ತಕದಲ್ಲಿಯೂ ಇಲ್ಲ. ಈ ಅಂತರ ಕಲೆಯ ಗುಣಮಟ್ಟದಿಂದ ಹುಟ್ಟಿದ್ದಲ್ಲ, ಯಾರನ್ನು ಬರೆದಿಡಬೇಕೆಂಬ ತೀರ್ಮಾನದಿಂದ ಹುಟ್ಟಿದ್ದು.

5

ಈ ನಿಲುವಿಗೆ ಎದುರಾಗಬಹುದಾದ ಆಕ್ಷೇಪಣೆಗಳು ಹಗುರವಾದವಲ್ಲ. ಮೊದಲನೆಯದು, ಜಾನಪದವು ಸಾಮೂಹಿಕ ಸೃಷ್ಟಿ, ಅದರಲ್ಲಿ ವ್ಯಕ್ತಿಯನ್ನು ಹುಡುಕುವುದು ಆಧುನಿಕ ಸಾಹಿತ್ಯದ ‘ಕರ್ತೃ’ವಿನ ಕಲ್ಪನೆಯನ್ನು ಅದರ ಮೇಲೆ ಹೇರಿದಂತೆ ಎಂಬುದು. ಹಾಡಿನ ಕರ್ತೃತ್ವ ಸಾಮೂಹಿಕವೆಂಬುದು ನಿಜ. ಆದರೆ ಹಾಡುವ ಕ್ರಿಯೆ ಎಂದೂ ಅನಾಮಿಕವಾಗಿರಲಿಲ್ಲ. ಯಾವ ಮೇಳದಲ್ಲಿ ಯಾರು ಮುಂದಾಳು, ಯಾರು ಹಿಮ್ಮೇಳ, ಯಾರ ಕೊರಳಿಗೆ ಯಾವ ಪದ ಒಪ್ಪುತ್ತದೆ ಎಂಬುದು ಊರಿನವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಅನಾಮಿಕತೆ ಹುಟ್ಟುವುದು ಹಾಡು ಊರನ್ನು ಬಿಟ್ಟು ಪುಸ್ತಕಕ್ಕೆ ಬಂದಾಗ.

ಎರಡನೆಯದು, ತತ್ವಪದದಂತಹ ಪರಂಪರೆಯ ತಿರುಳೇ ಅಹಂಕಾರದ ನಿರಸನ; ತನ್ನನ್ನು ಮರೆತು ಹಾಡುವವನ ಚರಿತ್ರೆಯನ್ನು ಬರೆಯುವುದು ಆ ದರ್ಶನಕ್ಕೆ ಅಪಚಾರ ಎಂಬುದು. ಈ ಮಾತಿಗೆ ತೂಕವಿದೆ. ಎಷ್ಟೋ ಗಾಯಕರು ತಮ್ಮ ವಿಷಯ ಕೇಳಿದರೆ ಗುರುವಿನ ವಿಷಯ ಹೇಳುತ್ತಾರೆ. ಆದರೆ ಅದೇ ಪರಂಪರೆಯು ಪದದ ಕೊನೆಯಲ್ಲಿ ಅಂಕಿತವನ್ನಿಟ್ಟು ಗುರುವಿನ ಹೆಸರನ್ನೋ ಊರಿನ ಹೆಸರನ್ನೋ ಜೋಪಾನವಾಗಿ ಕಾಯ್ದುಕೊಂಡಿದೆ. ಹೆಸರನ್ನು ಅಳಿಸುವುದು ಅದರ ಉದ್ದೇಶವಾಗಿದ್ದರೆ ಅಂಕಿತದ ಅಗತ್ಯವೇ ಇರುತ್ತಿರಲಿಲ್ಲ. ತನ್ನ ಹೆಸರನ್ನು ತಾನೇ ಹೇಳಿಕೊಳ್ಳದಿರುವುದು ಹಾಡುಗಾರನ ಧರ್ಮ. ಅವನ ಹೆಸರನ್ನು ಬರೆದಿಡದಿರುವುದು ಸಂಶೋಧಕನ ಧರ್ಮವಾಗಲಾರದು.

ಮೂರನೆಯದು ಹೆಚ್ಚು ಗಂಭೀರವಾದದ್ದು. ವ್ಯಕ್ತಿಚರಿತ್ರೆ ಒಬ್ಬನನ್ನು ಎತ್ತಿಹಿಡಿದು ಉಳಿದವರನ್ನು ಮರೆಮಾಡುತ್ತದೆ. ಬ್ಲೂಗ್ರಾಸ್ ಇತಿಹಾಸವೇ ಇದಕ್ಕೆ ಸಾಕ್ಷಿ. ಮನ್ರೋ ಅವರನ್ನು ಆ ಪ್ರಕಾರದ ‘ಪಿತಾಮಹ’ನೆಂದು ಕರೆಯುವ ರೂಢಿಯು ಬ್ಯಾಂಜೊ ವಾದ್ಯವು ಆಫ್ರಿಕದ ಮೂಲದಿಂದ ಬಂದದ್ದೆಂಬುದನ್ನೂ, ಶುಲ್ಟ್ಜ್ ಅವರಂತಹ ಕಪ್ಪು ಕಲಾವಿದರ ಪಾಲನ್ನೂ ಬಹುಕಾಲ ಹಿನ್ನೆಲೆಗೆ ಸರಿಸಿತ್ತು. ಈ ಅಪಾಯ ಇಲ್ಲಿಯೂ ಇದೆ. ಮೇಳದ ಮುಖಂಡನ ಚರಿತ್ರೆ ಬರೆದು ದಮ್ಮಡಿ ಬಡಿದವನನ್ನು, ಹಲಗೆ ನುಡಿಸಿದ ದಲಿತ ಕಲಾವಿದನನ್ನು, ಮನೆಯೊಳಗೇ ಹಾಡಿ ಎಂದೂ ವೇದಿಕೆ ಏರದ ಹೆಂಗಸನ್ನು ಬಿಟ್ಟರೆ ಹಳೆಯ ಶ್ರೇಣಿಯನ್ನೇ ಹೊಸ ಹೆಸರಿನಲ್ಲಿ ಉಳಿಸಿದಂತಾಗುತ್ತದೆ. ಹಾಗೆಂದು ವೃತ್ತಿಚರಿತ್ರೆಯನ್ನೇ ಕೈಬಿಡಬೇಕಾಗಿಲ್ಲ. ಮೇಳವನ್ನೇ ಘಟಕವಾಗಿಟ್ಟುಕೊಂಡು, ಅದರ ಪ್ರತಿಯೊಬ್ಬ ಸದಸ್ಯನ ಬದುಕನ್ನೂ ಬರೆಯುವ ವಿಧಾನ ಸಾಧ್ಯವಿದೆ. ಶುಲ್ಟ್ಜ್ ಅವರ ಹೆಸರು ಮರಳಿ ಬೆಳಕಿಗೆ ಬಂದದ್ದೂ ವೃತ್ತಿಚರಿತ್ರೆಯನ್ನು ಇನ್ನಷ್ಟು ಆಳವಾಗಿ ಕೆದಕಿದ್ದರಿಂದಲೇ.

6

ಹಾಗಾದರೆ ಮಾಡಬೇಕಾದದ್ದೇನು? ದೊಡ್ಡ ಯೋಜನೆಗಳಿಗಿಂತ ಮೊದಲು ಈಗಿರುವ ಪದ್ಧತಿಯಲ್ಲಿ ಸಣ್ಣ ಬದಲಾವಣೆಗಳು ಸಾಧ್ಯ. ಜಾನಪದ ವಿಷಯದ ಪ್ರತಿಯೊಂದು ಸಂಶೋಧನ ಪ್ರಬಂಧದಲ್ಲಿ ವಕ್ತೃಗಳ ಪಟ್ಟಿಯ ಬದಲು ಹಾಡುಗಾರರ ಪರಿಚಯವೇ ಒಂದು ಅಧ್ಯಾಯವಾಗಬೇಕು. ಹಾಡುಗಾರನ ಗುರು, ಮೇಳ, ವಾದ್ಯ, ಬಲ್ಲ ಭಾಷೆಗಳು, ಹಾಡಿದ ಊರುಗಳು, ದೊರೆತ ಪಡಿ ಅಥವಾ ಸಂಭಾವನೆ, ಹಾಡಿಕೆಯ ಹೊರಗಿನ ದುಡಿಮೆ, ಗುಳೆ ಹೋದ ವರ್ಷಗಳು, ಕಲಿಸಿದ ಶಿಷ್ಯರು ಎಂಬಷ್ಟು ವಿವರಗಳಾದರೂ ಅದರಲ್ಲಿರಬೇಕು. ಹೈದರಾಬಾದಿಗೋ ಪುಣೆಗೋ ದುಡಿಯಲು ಹೋದವರು ಅಲ್ಲಿ ಹಾಡಿದರೇ, ಮರಳಿ ಬರುವಾಗ ಏನನ್ನು ಹೊತ್ತು ತಂದರು ಎಂಬ ಪ್ರಶ್ನೆಯೊಂದರಿಂದಲೇ ಹೊಸ ಅಧ್ಯಯನಗಳು ಹುಟ್ಟಬಲ್ಲವು.

ಎರಡನೆಯದಾಗಿ, ಗಾಯಕನು ಬಲ್ಲ ಎಲ್ಲ ಹಾಡುಗಳ ಯಾದಿಯನ್ನು ಭಾಷಾಭೇದವಿಲ್ಲದೆ ಮಾಡಬೇಕು. ಕನ್ನಡ ಸಂಶೋಧಕನಿಗೆ ಮರಾಠಿ ಬಾರದಿದ್ದರೆ ಮರಾಠಿ ಬಲ್ಲವರ ಜೊತೆಗೂಡಬೇಕು. ಭಾಲ್ಕಿ ತಾಲ್ಲೂಕಿನ ಹಾಲಹಳ್ಳಿಯಲ್ಲಿ ಈ ಹಿಂದೆ ಗುಲಬರ್ಗಾ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಿದ್ದ ನೆಲೆಯಲ್ಲಿ 2023ರಿಂದ ಬೀದರ ವಿಶ್ವವಿದ್ಯಾಲಯ ನಡೆಯುತ್ತಿದೆ. ಜಿಲ್ಲೆಯ ಹಾಡಿಕೆ ಬದುಕಿರುವ ಊರುಗಳ ನಡುವೆಯೇ ಒಂದು ವಿಶ್ವವಿದ್ಯಾಲಯವಿರುವುದು ಸಣ್ಣ ಅವಕಾಶವಲ್ಲ. ಅಲ್ಲಿನ ಸ್ನಾತಕೋತ್ತರ ವಿದ್ಯಾರ್ಥಿಗಳಲ್ಲಿ ಅನೇಕರ ಮನೆಗಳಲ್ಲಿಯೇ, ಓಣಿಗಳಲ್ಲಿಯೇ ಹಾಡುಗಾರರಿರುವುದು ಸಂಭವನೀಯ. ಪ್ರತಿಯೊಬ್ಬ ವಿದ್ಯಾರ್ಥಿ ತನ್ನ ಊರಿನ ಒಬ್ಬ ಹಾಡುಗಾರನ ಅಥವಾ ಹಾಡುಗಾರ್ತಿಯ ಚರಿತ್ರೆಯನ್ನು ಕಿರುಪ್ರಬಂಧವಾಗಿ ಬರೆದರೆ, ಹತ್ತು ವರ್ಷಗಳಲ್ಲಿ ಯಾವ ವಿಶೇಷ ಅನುದಾನವೂ ಇಲ್ಲದೆ ಒಂದು ದೊಡ್ಡ ಆಕರ ನಿರ್ಮಾಣವಾಗುತ್ತದೆ.

ಮೂರನೆಯದಾಗಿ, ಧ್ವನಿಯ ಪ್ರಶ್ನೆ. ಇಂದು ಊರಿನ ಪ್ರತಿಯೊಂದು ಭಜನೆಯನ್ನೂ ಯಾರೋ ಒಬ್ಬರು ಮೊಬೈಲಿನಲ್ಲಿ ಹಿಡಿದಿರುತ್ತಾರೆ. ಮುದ್ರಣಕ್ಕೆ ಕೊರತೆಯಿಲ್ಲ, ಯಾರು, ಎಲ್ಲಿ, ಯಾವಾಗ, ಯಾರ ಮನೆಯಲ್ಲಿ ಹಾಡಿದರೆಂಬ ವಿವರಕ್ಕೆ ಕೊರತೆಯಿದೆ. ವಿವರವಿಲ್ಲದ ಧ್ವನಿ ಮತ್ತೆ ಅನಾಮಿಕವೇ. ಇದರ ಜೊತೆಗೆ ಮೇಳದ ಹಿರಿಯರ ಮನೆಗಳಲ್ಲಿರುವ ಕೈಬರಹದ ಭಜನೆಯ ವಹಿಗಳು ಮಹತ್ವದ ಆಕರಗಳು. ಕನ್ನಡ ಪದವನ್ನು ಮೋಡಿಯಲ್ಲಿಯೋ ದೇವನಾಗರಿಯಲ್ಲಿಯೋ ಬರೆದುಕೊಂಡ ವಹಿಯೊಂದು ಸಿಕ್ಕರೆ, ಲಿಪಿ ಮತ್ತು ಭಾಷೆಗಳ ಸಂಬಂಧದ ಬಗ್ಗೆ ಅದು ಹೇಳುವುದು ಬಹಳ. ಅವನ್ನು ಗ್ರಂಥಾಲಯಕ್ಕೆ ಒಯ್ಯುವ ಅಗತ್ಯವಿಲ್ಲ. ಒಡೆಯರ ಒಪ್ಪಿಗೆ ಪಡೆದು ಚಿತ್ರ ತೆಗೆದುಕೊಂಡು, ವಹಿಯನ್ನು ಮನೆಯಲ್ಲಿಯೇ ಬಿಡಬೇಕು. ಒಪ್ಪಿಗೆಯ ಮಾತು ಮುದ್ರಿಸಿದ ಹಾಡಿಗೂ ಅನ್ವಯಿಸುತ್ತದೆ. ಸತ್ತವರ ಮನೆಯಲ್ಲಿ ಹಾಡಿದ್ದನ್ನು ಎಲ್ಲರ ಮುಂದಿಡಬಹುದೇ ಎಂಬುದನ್ನು ತೀರ್ಮಾನಿಸಬೇಕಾದವರು ಆ ಮನೆಯವರು ಮತ್ತು ಮೇಳದವರು.

ಕೊನೆಯದಾಗಿ, ಸಿದ್ಧವಾದ ಚರಿತ್ರೆಯ ಒಂದು ಪ್ರತಿ ಹಾಡುಗಾರನ ಮನೆಗೆ ತಲುಪಬೇಕು. ಸಂಶೋಧಕನಿಗೆ ಪದವಿ ದೊರೆತ ಮೇಲೆ ಆ ಪ್ರಬಂಧವನ್ನು ವಕ್ತೃ ನೋಡಿದ ನಿದರ್ಶನಗಳು ಅತಿ ವಿರಳ. ಮಾಸಾಶನಕ್ಕೆ ಅರ್ಜಿ ಹಾಕುವ ವೃದ್ಧ ಕಲಾವಿದನು ತಾನು ಹಾಡುಗಾರನೆಂಬುದಕ್ಕೆ ಪುರಾವೆ ತರಬೇಕಾದ ಸ್ಥಿತಿಯಿದೆ. ನಲವತ್ತು ವರ್ಷ ರಾತ್ರಿಯಿಡೀ ಹಾಡಿದವನ ಬಳಿ ತೋರಿಸಲು ಕಾಗದವಿರುವುದಿಲ್ಲ. ಅವನ ಹಾಡುಗಳನ್ನು ಬರೆದುಕೊಂಡು ಹೋದವರ ಬಳಿ ಪ್ರಮಾಣಪತ್ರವಿರುತ್ತದೆ. ಅವನ ಹೆಸರು, ಗುರು, ಮೇಳ, ಹಾಡಿದ ಊರುಗಳು ಮತ್ತು ವರ್ಷಗಳಿರುವ ಒಂದು ಮುದ್ರಿತ ಅಧ್ಯಾಯ ವಿದ್ವತ್ತಿಗೆ ಆಕರವಾಗುವಂತೆಯೇ ಆ ಅರ್ಜಿಗೆ ಪುರಾವೆಯೂ ಆಗುತ್ತದೆ. ಬೀದರ, ಭಾಲ್ಕಿ, ಔರಾದಗಳ ಕನ್ನಡ ಅಧ್ಯಾಪಕರು ಈ ಕೆಲಸವನ್ನು ಮುಂದಿನ ಶೈಕ್ಷಣಿಕ ವರ್ಷದಿಂದಲೇ ಆರಂಭಿಸಬಹುದು. ತಮ್ಮ ಕಾಲೇಜು ಇರುವ ಊರಿನ ಅತ್ಯಂತ ಹಿರಿಯ ಹಾಡುಗಾರ್ತಿಯ ಮನೆಯಿಂದ ಆರಂಭಿಸುವುದು ಯೋಗ್ಯ.